ಗಂಧ ಹಚ್ಚಿದ ವರ್ನಿಯರ್

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೀಗಕ್ಕೆ ಕೀಲಿಕೈ ಇಲ್ಲ, ಇರುವ ಕೀಲಿಕೈಗಳಿಗೆ ಬೀಗ ಇಲ್ಲ. ಇಂಥದ್ದು ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಅತ್ತು ಹೇಳಿದರೆ ಜನ ಕೈಗಡಿಯಾರ ನೋಡಿಕೊಳ್ಳುತ್ತಾರೆ, ನಕ್ಕು ಹೇಳಿದರೆ ಕೂತು ಕೇಳುತ್ತಾರೆ. ಅದಕ್ಕೇ ನಗುತ್ತ ಹೇಳುತ್ತೇನೆ.

ನಾನು ಧಾರವಾಡದವನು. ವಿಮಾ ಕಂಪನಿಯ ನೌಕರಿ ಅಹಮದಾಬಾದಿಗೆ ತಂದು ಹಾಕಿತು. ನಿವೃತ್ತನಾದ ಮೇಲೂ ನಾನು, ನನ್ನ ಹೆಂಡತಿ ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲೇ ಉಳಿದೆವು. ಹೊತ್ತು ಹೋಗದೆ ಹಳೇ ಬೀಗ ಬಿಚ್ಚಿ ಜೋಡಿಸುವ ಹುಚ್ಚು ಹಿಡಿಸಿಕೊಂಡೆ. ಅವಳಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಹಾಲಿನವನ ಹೆಸರು ಮರೆತಳು, ಆಮೇಲೆ ಮಗಳದ್ದು. ಈಗ ಕೆಲವು ದಿನ ನನ್ನನ್ನೂ ಯಾರೋ ದೂರದ ನೆಂಟರೆಂದುಕೊಂಡು ಉಪಚಾರ ಮಾಡುತ್ತಾಳೆ. "ದಿನಾ ಹಳೇ ಫೋಟೋ ತೋರಿಸ್ತಾ ಇರಿ" ಎಂದರು ಡಾಕ್ಟರು. ನಮ್ಮ ಮದುವೆಯ ಆಲ್ಬಂ ಇರುವುದು ಅವಳ ತವರಿನಿಂದ ಬಂದ ಉಕ್ಕಿನ ಕಪಾಟಿನಲ್ಲಿ. ಅದಕ್ಕೆ ಬೀಗ ಹಾಕಿ ಕೀಲಿಕೈ ಎತ್ತಿಟ್ಟವಳೂ ಅವಳೇ.

"ಕೀಲಿಕೈ ಎಲ್ಲೆ ಇಟ್ಟೀ?"

"ಭದ್ರ ಇಟ್ಟೇನ್ರಿ."

"ಭದ್ರ ಅಂದ್ರ ಎಲ್ಲೆ?"

"ಅದು ಗೊತ್ತಿದ್ರ ಭದ್ರ ಹೆಂಗಾತು?"

ಡ್ರಿಲ್ಲಿನವನು

ಮಗಳು ಇದೇ ಊರಿನ ಅಂಚಿನ ಬೋಪಾಲ್ ಬಡಾವಣೆಯಲ್ಲಿದ್ದಾಳೆ. ಇಲ್ಲೇ ಬೆಳೆದವಳು, ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಮೇಲೆ ಕೂತುಬಿಡುತ್ತದೆ. "ಅಪ್ಪಾ, ಅದು ತೋಡ್ ದೋ ನಾ. ಅಮ್ಮ ಭೂಲ್ ಜಾಯೇಗಿ" ಎಂದಳು. ಒಡೆದುಬಿಡು, ಅಮ್ಮ ಮರೆತುಬಿಡುತ್ತಾಳೆ ಅಂತ. ಬೀಗ ಕೊರೆಯುವವನನ್ನು ತಾನೇ ಕಳಿಸಿಕೊಟ್ಟಳು.

ಡ್ರಿಲ್ಲಿನ ಸದ್ದು ಕೇಳಿದ್ದೇ ತಡ, ಇವಳು ಓಡಿಬಂದು ಕಪಾಟನ್ನು ತಬ್ಬಿಕೊಂಡಳು. "ನಮ್ಮವ್ವ ಕೊಟ್ಟಿದ್ದದು, ಮುಟ್ಟಬ್ಯಾಡ್ರಿ" ಎಂದು ಅತ್ತಳು. ಎಲ್ಲ ಮರೆತವಳು ಇದೊಂದನ್ನು ಮರೆತಿರಲಿಲ್ಲ. ಅವನಿಗೆ ಕನ್ನಡ ಬಾರದಿದ್ದರೂ ಅಳು ತನ್ನದೇ ರೀತಿಯಲ್ಲಿ ಅರ್ಥವಾಯಿತು. ಡ್ರಿಲ್ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತು, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಅಂಕಲ್, ಆಂಟಿಯನ್ನ ಎಲ್ಲಿಂದ ಹಾರಿಸಿಕೊಂಡು ಬಂದ್ರಿ?"

ವಟ್ವಾದ ಸಲಹೆ

ಒಡೆಯುವ ಮಾತು ಮುಗಿಯಿತು. ಆದರೆ ಆ ಕಪಾಟಿನ ಇನ್ನೊಂದು ಕೀಲಿಕೈ ಎಂದೋ ಮುರಿದು ಎರಡು ತುಂಡಾಗಿ ನನ್ನ ಡಬ್ಬಿಯಲ್ಲಿ ಬಿದ್ದಿತ್ತು. ಅದರ ಒಂದೊಂದು ಹಲ್ಲಿನ ಎತ್ತರ ಅಳೆದು, ಹಲ್ಲು ಕೊರೆಯದ ಖಾಲಿ ಕೀಲಿಕೈಯೊಂದನ್ನು ಅರದಿಂದ ಉಜ್ಜಿ ಅಷ್ಟಕ್ಕೇ ತಂದರೆ ಬಾಗಿಲು ತೆರೆಯಬೇಕು. ಶಾಲೆಯ ಸ್ಕೇಲಿನಿಂದ ಆಗುವ ಕೆಲಸವಲ್ಲ. ಕೂದಲೆಳೆ ಹೆಚ್ಚುಕಮ್ಮಿಯಾದರೂ ಬೀಗ ಜಗ್ಗುವುದಿಲ್ಲ.

ಅದಕ್ಕೆ ಕ್ಯಾಲಿಪರ್ ಬೇಕು, ಎರಡು ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಸಾಧನ. ಕಾರ್ಖಾನೆಯವರಿಗೆ ಮಾರುವ ಅಂಗಡಿಯಲ್ಲಿ ಒಳ್ಳೆಯದು ಸಿಕ್ಕೀತೆಂದು ಕೈಗಾರಿಕಾ ಪ್ರದೇಶವಾದ ವಟ್ವಾಕ್ಕೆ ಹೋದೆ. ಅಂಗಡಿಯವ ಗಲ್ಲೆಯ ಮೇಲೆ ಸಾಲಾಗಿ ಇಟ್ಟ: ಪ್ಲಾಸ್ಟಿಕ್ಕಿನದು, ಅದು ಒತ್ತಿದರೆ ಬಗ್ಗುತ್ತದೆ; ಮೈಕ್ರೋಮೀಟರು, ಅದರ ಬಾಯಿ ದಪ್ಪ, ಹಲ್ಲಿನ ಸಂದಿಗೆ ಇಳಿಯುವುದಿಲ್ಲ; ಉಕ್ಕಿನ ವರ್ನಿಯರು, ಅದರ ಸಣ್ಣ ಗೆರೆಗಳನ್ನು ಓದಲು ಕಣ್ಣು ಬೇಕು; ಡಿಜಿಟಲ್ಲು, ಅದನ್ನು ಯಾರು ಬೇಕಾದರೂ ಓದಬಹುದು.

"ಯಾವ ಫ್ಯಾಕ್ಟರಿ, ಕಾಕಾ?" ಎಂದು ಕೇಳಿದ.

"ಫ್ಯಾಕ್ಟರಿ ಅಲ್ಲ, ಮನೆ. ನನ್ನ ಹೆಂಡತಿ ಕಪಾಟಿಗೆ ಬೀಗ ಹಾಕಿದ್ದಾಳೆ. ಕೀಲಿಕೈ ಎಲ್ಲಿದೆ ಅಂತ ಹೇಳ್ತಿಲ್ಲ. ನಾನೇ ಒಂದು ಮಾಡ್ಕೋಬೇಕು."

ಅವನು ನನ್ನ ನರೆತ ತಲೆಯನ್ನೂ ಗಲ್ಲೆಯ ಮೇಲಿನ ಸಾಮಾನನ್ನೂ ಒಮ್ಮೆ ನೋಡಿದ. ಆಮೇಲೆ ಒಂದೊಂದನ್ನೇ ಪೆಟ್ಟಿಗೆಗೆ ತುಂಬಿಸತೊಡಗಿದ.

"ಕಾಕಾ, ಇದ್ಯಾವುದೂ ಬೇಡ. ಕಾಕಿ ಪಾಸೇ ಮಾಫಿ ಮಾಂಗಿ ಲೋ."

ಕಾಕಿಯ ಹತ್ತಿರ ಕ್ಷಮೆ ಕೇಳಿಬಿಡಿ ಅಂತ! ಕೇಳಿದರೆ ಸಿಗುವ ಹಾಗಿದ್ದರೆ ದಿನಾ ಕೇಳುತ್ತಿದ್ದೆ.

ಖಾಖ್ರಾದ ದಪ್ಪ

ಹಟ ಹಿಡಿದು ಡಿಜಿಟಲ್ಲೇ ತಂದೆ. ಎದುರು ಮನೆಯ ಬೇನ್, ಗುಜರಾತಿಯಲ್ಲಿ ಅಕ್ಕ ಎಂದಂತೆ, ನಮಗೆ ಕಷ್ಟಕ್ಕೆ ಆಗುವವರು. ನಾನು ಔಷಧಿ ತರಲು ಹೋದಾಗ ಇವಳ ಹತ್ತಿರ ಕೂತಿರುತ್ತಾರೆ. ಅವರಿಗೂ ಅವರ ನಾದಿನಿಗೂ ಯಾರ ಖಾಖ್ರಾ ತೆಳು ಎಂಬುದರ ಮೇಲೆ ಹಳೇ ಜಗಳ. ಖಾಖ್ರಾ ಎಂದರೆ ಹಪ್ಪಳದ ಹಾಗೆ ಗರಿಗರಿ ಕಾಯಿಸಿದ ರೊಟ್ಟಿ. "ಒಂದು ಗಳಿಗೆ ಕೊಡಿ ಭಾಯಿ" ಎಂದು ಕ್ಯಾಲಿಪರನ್ನು ಒಯ್ದರು. ಗೆದ್ದರು ಕೂಡ, ಆ ಖುಷಿಗೆ ನಮಗೆ ಒಂದು ಡಬ್ಬಿ ಖಾಖ್ರಾ ಬಂತು. ಎರವಲು ತಂದದ್ದನ್ನು ಎಣ್ಣೆಗೈಯಲ್ಲಿ ಕೊಡಬಾರದೆಂದು ಕ್ಯಾಲಿಪರನ್ನು ಸಾಬೂನು ಹಚ್ಚಿ, ನಲ್ಲಿಯ ಕೆಳಗೆ ಹಿಡಿದು, ತೊಳೆದು ಒರೆಸಿ ಕೊಟ್ಟರು.

ಆಮೇಲೆ ಅದು ಏನನ್ನು ಅಳೆದರೂ ಒಂದೇ ಅಂಕಿ ತೋರಿಸತೊಡಗಿತು. ಅದರ ಲೆಕ್ಕದಲ್ಲಿ ಖಾಖ್ರಾ, ನನ್ನ ಹೆಬ್ಬೆರಳು, ಕಪಾಟಿನ ಬಾಗಿಲು, ಎಲ್ಲ ಒಂದೇ ದಪ್ಪ. ನಾನು ಅದನ್ನು ಕುಟ್ಟಿ, ಊದಿ, ಬಿಸಿಲಿಗಿಟ್ಟು ಒದ್ದಾಡುವುದನ್ನು ಇವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಪಾಪ, ಅದಕ್ಕೂ ಮರವು ಬಂತೇನ್ರಿ?"

ಖಂಡೇನವಮಿ

ಮತ್ತೆ ವಟ್ವಾಕ್ಕೆ ಹೋಗಿ ಉಕ್ಕಿನ ವರ್ನಿಯರ್ ತಂದೆ. ಸೆಲ್ಲಿಲ್ಲ, ಗುಂಡಿಯಿಲ್ಲ, ಭೂತಗನ್ನಡಿ ಹಿಡಿದು ಗೆರೆ ಓದಬೇಕು. ಮುರಿದ ಕೀಲಿಕೈಯ ಹಲ್ಲುಗಳನ್ನು ಅಳೆದು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟೆ. ದಸರೆ ಕಳೆದ ಮೇಲೆ ಉಜ್ಜಲು ಕೂತೆ. ವರ್ನಿಯರಿನಿಂದ ಅಳೆಯುತ್ತ, ಬರೆದ ಅಂಕಿಗೆ ಸರಿಯಾಗಿ ತಂದೆ. ಕೀಲಿಕೈ ಒಳಗೆ ಹೋಯಿತು, ತಿರುಗಲಿಲ್ಲ. ಇನ್ನೊಂದು ಮಾಡಿದೆ, ಅದೂ ತಿರುಗಲಿಲ್ಲ. ಕೀಲಿಕೈಗಳ ರಾಶಿ ಬಿತ್ತು. ನನ್ನ ಕಣ್ಣು ಹೋಯಿತೋ, ಕೈ ಹೋಯಿತೋ, ಇವಳ ಕಾಯಿಲೆ ನನಗೂ ಅಂಟಿತೋ ಎಂದು ನಿಜವಾಗಿ ಹೆದರಿದೆ.

ಒಂದು ಬೆಳಿಗ್ಗೆ ವರ್ನಿಯರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು: ಎರಡೂ ದವಡೆಗಳ ಒಳಗೆ, ಸರಿಯಾಗಿ ಅಳತೆ ಹಿಡಿಯುವ ಜಾಗದಲ್ಲಿ, ಒಣಗಿದ ಗಂಧ. ಮಧ್ಯದಲ್ಲಿ ಕುಂಕುಮದ ಚುಕ್ಕೆ. ಮಗಳ ಹೆಸರು ಮರೆತವಳು ಖಂಡೇನವಮಿಯ ಆಯುಧಪೂಜೆ ಮರೆತಿರಲಿಲ್ಲ. ಕತ್ತರಿ, ಈಳಿಗೆಮಣೆ, ಹೊಲಿಗೆ ಯಂತ್ರದ ಜತೆಗೆ ಇದಕ್ಕೂ ಭಕ್ತಿಯಿಂದ ಹಚ್ಚಿದ್ದಳು. ಅಳೆದದ್ದು ಹಬ್ಬಕ್ಕೆ ಮೊದಲು, ಉಜ್ಜಿದ್ದು ಹಬ್ಬದ ನಂತರ. ನಡುವೆ ಬಂದ ಗಂಧದ ದಪ್ಪದಷ್ಟು ಪ್ರತಿ ಹಲ್ಲನ್ನೂ ಹೆಚ್ಚಾಗಿ ಉಜ್ಜಿದ್ದೆ!

"ಇದಕ್ಯಾಕ ಗಂಧ ಹಚ್ಚಿದಿ, ಮಾರಾಯ್ತಿ?" ಎಂದು ರೇಗಿದೆ.

ಅವಳು ನನ್ನನ್ನು ತಿಳಿಗೇಡಿಯಂತೆ ನೋಡಿದಳು. "ಹಚ್ಚದಿದ್ರ ಅದು ಖರೇ ಅಳೀತದೇನ್ರಿ?"

ಕಳ್ಳನ ಚಹಾ

ಗಂಧ ಒರೆಸಿದೆ. ಒರೆಸುವಾಗ ಮನಸ್ಸಿಗೆ ಹಿತವೆನಿಸಲಿಲ್ಲ. ಮತ್ತೊಂದು ಕೀಲಿಕೈ ಉಜ್ಜಿದೆ. ಮಧ್ಯಾಹ್ನ ಇವಳು ಮಲಗಿದ್ದಾಗ ಕಪಾಟಿಗೆ ಹಾಕಿ ತಿರುಗಿಸಿದೆ. ಕಟಕ್ ಎಂದಿತು. ಆಲ್ಬಂ ತೆಗೆದೆ. ಇನ್ನೇನು, ನನ್ನ ಹೆಂಡತಿ ನನಗೆ ಸಿಕ್ಕಳು ಎಂದುಕೊಂಡೆ.

"ಕಳ್ಳ! ಕಳ್ಳ ಬಂದಾನ್ರೀ!"

ಬಾಗಿಲಲ್ಲಿ ಇವಳು. ಎದುರು ಮನೆಯ ಬೇನ್ ಲಟ್ಟಣಿಗೆ ಹಿಡಿದು ಓಡಿಬಂದರು, ಹಿಂದೆಯೇ ವಾಚ್‌ಮನ್ ಬಂದ. ನಮ್ಮನ್ನು ನೋಡಿ ಬೇನ್ ಲಟ್ಟಣಿಗೆ ಕೆಳಗಿಳಿಸಿದರು. ನಾನು ಆಲ್ಬಂ ಬಿಚ್ಚಿ ಬಾಸಿಂಗ ಕಟ್ಟಿದ ವರನನ್ನು ತೋರಿಸಿದೆ.

"ಇಂವ ಯಾರು ಹೇಳು?"

ಅವಳ ಮುಖ ಅರಳಿತು. "ನಮ್ಮನಿಯವರು!"

"ಹಂಗಾದ್ರ ನಾ ಯಾರು?"

ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. "ನಿಮಗ ಭಾಳ ವಯಸ್ಸಾಗೇದ. ಈ ವಯಸ್ಸಿನ್ಯಾಗ ಕಳುವು ಮಾಡಬಾರದ್ರಿ. ನಮ್ಮನಿಯವರು ಆಫೀಸಿನಿಂದ ಬರೂ ಹೊತ್ತಾತು. ಅವರಿಗೆ ಏನೂ ಹೇಳೂದಿಲ್ಲ. ಕೂಡ್ರಿ, ಚಾ ಕುಡದು ಹೋಗ್ರಿ."

ಬೇನ್ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವಳ ಹಿಂದೆ ಒಲೆಯ ಹತ್ತಿರ ನಿಂತರು. ಚಹಾ ಬಂತು. ಶುಂಠಿ ಹೆಚ್ಚು, ಸಕ್ಕರೆ ಅರ್ಧ ಚಮಚ. ಮದುವೆಯಾದಾಗಿನಿಂದ ನಾನು ಕುಡಿಯುವ ಚಹಾ ಅದೇ. ನನಗೆ ಅಳು ತಡೆಯಲಾಗಲಿಲ್ಲ. ಕಳ್ಳ ಪಶ್ಚಾತ್ತಾಪ ಪಡುತ್ತಿದ್ದಾನೆಂದು ಅವಳಿಗೆ ಸಮಾಧಾನವಾಯಿತು.

ಅಷ್ಟರಲ್ಲಿ ಆಲ್ಬಮ್ಮನ್ನು ಒಳಗಿಟ್ಟು, ನನ್ನ ಹೊಸ ಕೀಲಿಕೈಯಿಂದಲೇ ಬೀಗ ಹಾಕಿ, ಒಳಗೆಲ್ಲೋ ಹೋಗಿ ಬರಿಗೈಯಲ್ಲಿ ಬಂದಳು.

"ಬಾಯಾರ, ಕೀಲಿಕೈ ಎಲ್ಲೆ ಇಟ್ರಿ?" ಎಂದು ಮೆಲ್ಲಗೆ ಕೇಳಿದೆ.

"ಭಲೇ! ನಮ್ಮನಿಯವರಿಗೇ ಹೇಳಿಲ್ಲ, ಕಳ್ಳಗ ಹೇಳ್ತೇನೇನು?"