ಸೆಕೆಂಡ್‌ಹ್ಯಾಂಡ್ ಕೋವಿಯ ಚೌಕಾಸಿ

ಚೌಕಾಸಿಯೂ ಚರ್ಚಾಸ್ಪರ್ಧೆಯೂ ಒಂದೇ ಎಂದು ನಾನು ಬಹುಕಾಲ ನಂಬಿದ್ದೆ. ಎರಡರಲ್ಲೂ ಎದುರಿನವರ ಮಾತಿನಲ್ಲಿ ತೂತು ಹುಡುಕಿ, ಬೆರಳು ಹಾಕಿ ದೊಡ್ಡದು ಮಾಡಬೇಕು. ಈ ಕಲೆಗೆ ನನಗೆ ಕಾಲೇಜಿನಲ್ಲಿ ಪಾರಿತೋಷಕಗಳು ಬಂದಿವೆ, ಗಾಂಧಿಬಜಾರಿನಲ್ಲಿ ಪುಕ್ಕಟೆ ಕರಿಬೇವು ಬಂದಿದೆ. ಪುರಾವೆಯಿಲ್ಲದೆ ಏನನ್ನೂ ಒಪ್ಪದ ನಾನು ಈ ಒಂದು ನಂಬಿಕೆಯನ್ನು ಮಾತ್ರ ಪರೀಕ್ಷಿಸಿರಲಿಲ್ಲ.

ನನ್ನ ಗಂಡ ಪೊನ್ನಪ್ಪ ಮಡಿಕೇರಿಯವನು. ಕೋವಿಗೆ ಹೂವಿಟ್ಟು ಪೂಜಿಸುವ ಕೈಲ್ ಮುಹೂರ್ತದ ಹಬ್ಬವನ್ನು, ನಾವು ಬಂದು ನೆಲೆಸಿರುವ ಈ ಪರದೇಶದಲ್ಲೂ ಕೊಡವರೆಲ್ಲ ಸೇರಿ ಮಾಡುತ್ತಾರೆ. ಊಟಕ್ಕೆ ಮೊದಲು ಡ್ಯಾನ್‌ವಿಲ್ ಊರಿನಾಚೆ ಗುಡ್ಡದ ಮಗ್ಗುಲಲ್ಲಿರುವ ಶೂಟಿಂಗ್ ರೇಂಜಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೋದ ವರ್ಷ ಪೊನ್ನಪ್ಪ ತನ್ನ ಅಕ್ಕನ ಗಂಡನ ಕೋವಿಯಲ್ಲಿ ಹೊಡೆದು, ಕಾಯಿಯೊಂದನ್ನು ಬಿಟ್ಟು ಗುಡ್ಡಕ್ಕೆಲ್ಲ ತಗಲಿಸಿದ್ದ. "ಬಿಡೋ, ಕಾಯಿ ಚಟ್ನಿಗಾಯ್ತು" ಎಂದು ಆ ಭಾವ ವರ್ಷವಿಡೀ ಕೆಣಕಿದ. ಈ ಸಲ ಸ್ವಂತದ್ದೇ ಬೇಕೆಂದು ಪೊನ್ನಪ್ಪ ಹಳೆಯ ರೈಫಲುಗಳ ಫೋಟೋ ನೋಡುತ್ತಲೇ ಊಟ ಮಾಡತೊಡಗಿದ. ಕೊನೆಗೆ ವಾಲ್‌ನಟ್ ಮರದ ಹಿಡಿಯದೊಂದು ಒಳ್ಳೆ ಬೆಲೆಗಿದೆ ಎಂದ.

"ಒಳ್ಳೆ ಬೆಲೆ ಅಂತ ಹೇಳಿದ್ಯಾರು? ಮಾರೋನೇ ತಾನೆ?" ಎಂದು ನಾನೂ ಹೊರಟೆ.

ಅಂಗಡಿಯವನು ಬಿಳಿಗಡ್ಡದ, ಮೆತ್ತಗಿನ ದನಿಯ ಮನುಷ್ಯ. ಕೋವಿ ಖಾಲಿಯಿದೆಯೆಂದು ತೋರಿಸಿ ಕೌಂಟರಿನ ಮೇಲಿಟ್ಟ. ಪೊನ್ನಪ್ಪನ ಮುಖ ಅರಳಿತು. ಚೌಕಾಸಿಯಲ್ಲಿ ಅರಳಿದ ಮುಖದಷ್ಟು ದುಬಾರಿಯಾದದ್ದು ಬೇರಿಲ್ಲ, ಹಾಗಾಗಿ ತಕ್ಷಣ ಶುರುಮಾಡಿದೆ. ಹಿಡಿಯಲ್ಲಿ ಗೀರು, ನಳಿಗೆಯ ತುದಿಯಲ್ಲಿ ತುಕ್ಕು. ಅಷ್ಟು ಚೆನ್ನಾಗಿದ್ದರೆ ಹಿಂದಿನವನು ಯಾಕೆ ಮಾರಿದ? ಪೊನ್ನಪ್ಪ ನನ್ನ ಕಾಲು ತುಳಿದ. ಅದನ್ನು ಚಪ್ಪಾಳೆ ಎಂದುಕೊಂಡು ಮುಂದುವರಿಸಿದೆ. ಅಂಗಡಿಯವನು ಕನ್ನಡಕ ಏರಿಸಿ ಬಗ್ಗಿ ನೋಡಿದ. ನೀವು ಹೇಳುವುದು ಸರಿ ಮೇಡಂ, ಇಂಥದ್ದನ್ನು ನಿಮಗೆ ಮಾರಲು ಮನಸ್ಸು ಬರುವುದಿಲ್ಲ ಎಂದು ಅದನ್ನು ಒಳಗಿಡಲು ಎತ್ತಿಕೊಂಡ.

ಗಾಂಧಿಬಜಾರಿನಲ್ಲಿ ಯಾರೂ ಹೀಗೆ ಮೋಸದಿಂದ ಸೋತಿರಲಿಲ್ಲ.

ಚರ್ಚಾಪಟುವಿಗೆ ಪರ, ವಿರೋಧ ಎರಡೂ ಬರಬೇಕು. ಕೂಡಲೇ ಪಕ್ಷ ಬದಲಿಸಿದೆ. ಗೀರೆಂದರೆ ಅನುಭವ, ತುಕ್ಕು ಉಜ್ಜಿದರೆ ಹೋಗುತ್ತದೆ, ಇಂಥ ಮರ ಈಗೆಲ್ಲಿ ಸಿಗುತ್ತದೆ? ಎಷ್ಟು ಸೊಗಸಾಗಿ ಮಂಡಿಸಿದೆನೆಂದರೆ, ಪಕ್ಕದಲ್ಲಿ ಟೋಪಿ ನೋಡುತ್ತಿದ್ದ ಮುದುಕರೊಬ್ಬರು ಬಂದು ಕಾರ್ಡು ಚಾಚಿ ಆ ಕೋವಿಯನ್ನು ಕೊಂಡೇಬಿಟ್ಟರು.

ಫ್ರೀವೇ ಸೇರಿದ ಮೇಲೆ ಪೊನ್ನಪ್ಪ ಸ್ಟಿಯರಿಂಗು ಹಿಡಿದೇ ನಗತೊಡಗಿದ. "ಎರಡೂ ಕಡೆಯಿಂದ ನೀನೇ ಗೆದ್ದೆಯಲ್ಲ ಮಾರಾಯ್ತಿ."

ಮುಂದಿನ ಶನಿವಾರ ಇನ್ನೊಂದು ಅಂಗಡಿ. ನನ್ನನ್ನು ಕಾರಿನಲ್ಲೇ ಕೂರಿಸಿ ಹೋದವನು ರಸೀದಿ ಹಿಡಿದು ಬಂದ.

"ಏನಂತ ವಾದ ಮಾಡ್ದೆ?"

"ಏನಿಲ್ಲ. ಅದನ್ನೇ ನೋಡ್ತಾ ನಿಂತಿದ್ದೆ. ಪಾಪ ಅನ್ಸಿರ್ಬೇಕು, ಅವನೇ ಕಮ್ಮಿ ಮಾಡಿದ. ಆದ್ರೆ ಕೋವಿ ಕೈಗೆ ಬರೋಕೆ ಹತ್ತು ದಿನ ಕಾಯ್ಬೇಕು, ಇಲ್ಲಿನ ಕಾನೂನು. ಆವೇಶ ಇಳೀಲಿ ಅಂತ." ಹಾಗೆಂದವನು ಯಾಕೋ ನನ್ನ ಬಾಯಿಯ ಕಡೆ ನೋಡಿದ.

ಹಬ್ಬದ ದಿನ ಮೊದಲ ಗುಂಡಿಗೇ ಕಾಯಿ ಚೂರಾಯಿತು. ಪೊನ್ನಪ್ಪನನ್ನು ಹುಡುಗರು ಹೆಗಲ ಮೇಲೆ ಹೊತ್ತು ಕುಣಿಸಿದರು. "ಗಾಳಿ ತಳ್ಳಿತು ಬಿಡು" ಎಂದ ಭಾವ. ಗುಂಡನ್ನು ಗಾಳಿ ತಳ್ಳಿತೆನ್ನಲು ಪುರಾವೆಯೇನೆಂದು ನಾನು ಮೂರು ಅಂಶಗಳಲ್ಲಿ ಶುರುಮಾಡಿದೆ. ಅಷ್ಟರಲ್ಲಿ ಕೆಳಗಿಳಿದಿದ್ದ ಪೊನ್ನಪ್ಪ ಬಂದು ಕಾಲು ತುಳಿದ. ಅದು ಚಪ್ಪಾಳೆಯಲ್ಲ ಎಂದು ಈ ಸಲ ಚೆನ್ನಾಗಿ ಗೊತ್ತಿತ್ತು. ಆದರೂ ಎರಡನೇ ಅಂಶಕ್ಕೆ ಹೋದೆ.