ಕಾರಿಗೆ ಹಚ್ಚಿದ ಪ್ಲಾಸ್ಟರ್

ಸರ್ಕಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸಾಗಿದ್ದು ನಿವೃತ್ತಳಾದ ನನ್ನದೊಂದು ನಿಯಮವಿದೆ. ನೆಟ್ಟಗಿರುವುದು ಆರೋಗ್ಯ, ಕುಣಿಯುವುದು ರೋಗ. ಹಾಸಿಗೆಯ ಹೊದಿಕೆ, ಔಷಧಿ ಸೀಸೆಗಳ ಸಾಲು, ಜ್ವರದ ಪಟ್ಟಿ, ಗಂಡ, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಕಾರಿಗೂ ಅನ್ವಯಿಸಬಹುದೆಂದು ನಾನು ನಂಬಿದ್ದರಲ್ಲಿ ತಪ್ಪೇನಿದೆ?

ಹಿಂದೂಪುರದಲ್ಲಿ ಬೆಲ್ಲದ ಮಂಡಿ ನಡೆಸಿ ಸುಸ್ತಾದ ಮೇಲೆ ನಮ್ಮ ಯಜಮಾನರು ಒಂದು ಹಳೆಯ ಪೆಟ್ರೋಲ್ ಕಾರು ಕೊಂಡರು. ಮಾರಿದವನು ಅದರ ಜೊತೆಗೆ ಒಂದು ಸ್ಕ್ಯಾನರನ್ನೂ ಪುಕ್ಕಟೆ ಕೊಟ್ಟ. ಅಂಗೈಯಗಲದ ಯಂತ್ರ. ಸ್ಟೀರಿಂಗಿನ ಕೆಳಗೆ ಅದರ ವಯರು ಸಿಕ್ಕಿಸಿದರೆ ಇಂಜಿನ್ನಿನ ಕಷ್ಟಸುಖವನ್ನೆಲ್ಲ ಪರದೆಯ ಮೇಲೆ ತೋರಿಸುತ್ತದೆ. ಅದನ್ನು ಓದುವುದು ಹೇಗೆಂದು ಅವನು ವಿವರಿಸುತ್ತಿದ್ದಾಗ ನಾನು ಸೀಟಿನ ಕವರುಗಳ ಹೊಲಿಗೆ ಪರೀಕ್ಷಿಸುತ್ತಿದ್ದೆ. ವಾರ್ಡು ನೋಡಿಕೊಂಡವಳಿಗೆ ಇವನೇನು ಕಲಿಸುತ್ತಾನೆ?

ಕಲ್ಯಾಣದುರ್ಗದಲ್ಲಿರುವ ನನ್ನ ತಂಗಿ ಸರೋಜಳ ಮೊಮ್ಮಗಳಿಗೆ ನಾಮಕರಣ ಗೊತ್ತಾಗಿತ್ತು. ನಮ್ಮ ತವರಿನ ಮಕ್ಕಳಿಗೆಲ್ಲ ಹೆಸರಿಡುವುದು ಒಂದೇ ತೊಟ್ಟಿಲಲ್ಲಿ. ಆ ತೊಟ್ಟಿಲಿರುವುದು ನನ್ನ ಮನೆಯಲ್ಲಿ. ಹಿಂದಿನ ದಿನ ಸರೋಜ ಫೋನು ಮಾಡಿದಳು.

"ಅಕ್ಕಾ, ಮಧ್ಯಾಹ್ನದ ಮೇಲೆ ರಾಹುಕಾಲ. ಅದ್ರೊಳಗೆ ಮಗೂನ ತೊಟ್ಲಿಗೆ ಹಾಕ್ಬೇಕು. ಟೈಮಿಗೆ ಸರ್ಯಾಗಿ ಬರೋಳು ನೀನೊಬ್ಳೇ ಅಂತಾನೇ ತೊಟ್ಲು ನಿನ್ ತಾವ ಬಿಟ್ಟಿರೋದು."

ಇಂಥ ಮಾತು ಕೇಳಿದ ಮೇಲೆ ಕಾರನ್ನು ಪರೀಕ್ಷಿಸದೆ ಹೊರಡುವುದು ನನ್ನ ಶಿಸ್ತಿಗೆ ಒಪ್ಪುವುದಿಲ್ಲ. ಕಾರಿಗೆ ಯಾವ ತೊಂದರೆಯೂ ಇರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಬೆಳಿಗ್ಗೆ ಇಂಜಿನ್ ಶುರು ಮಾಡಿಸಿ ಸ್ಕ್ಯಾನರು ಸಿಕ್ಕಿಸಿದೆ. ಹೊಗೆ ಹೋಗುವ ಕೊಳವೆಯಲ್ಲಿ ಎರಡು ಸೆನ್ಸರುಗಳು, ಇಂಜಿನ್ನಿನ ಹತ್ತಿರ ಒಂದು, ಹಿಂದೆ ಇನ್ನೊಂದು. ಪರದೆಯ ಮೇಲೆ ಎರಡಕ್ಕೂ ಒಂದೊಂದು ಗೆರೆ. ಹಿಂದಿನದು ಒಳ್ಳೆಯ ರೋಗಿಯಂತೆ ನೆಟ್ಟಗೆ ಮಲಗಿತ್ತು. ಮುಂದಿನದು ಮೇಲೆ ಹಾರುತ್ತದೆ, ಕೆಳಗೆ ಬೀಳುತ್ತದೆ, ಮತ್ತೆ ಹಾರುತ್ತದೆ.

"ಏನ್ರೀ, ಮುಂದಿನದಕ್ಕೆ ವಿಪರೀತ ಜ್ವರ."

"ಅದಕ್ಕೇನೂ ಆಗಿಲ್ಲ ಕಣೇ. ಚೆನ್ನಾಗೇ ಓಡ್ತೈತೆ. ನಡಿ, ಹೊತ್ತಾಯ್ತೈತೆ."

ರೋಗಿಯ ಕಡೆಯವರು ಯಾವಾಗಲೂ ಹೀಗೆಯೇ ಹೇಳುವುದು. ಇಂಜಿನ್ ನಿಲ್ಲಿಸಿ, ಕೈಗವಸು ತೊಟ್ಟು, ಬಾನೆಟ್ ತೆಗೆದೆ. ಮುಂದಿನ ಸೆನ್ಸರಿನ ವಯರನ್ನು ಅದರ ಕೂಡುಗೊಂಡಿಯಿಂದ ಬಿಡಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಜೋಡಿಸಿ, ಅಲುಗಾಡದಂತೆ ಸುತ್ತ ಪ್ಲಾಸ್ಟರ್ ಸುತ್ತಿದೆ. ಇಂಜಿನ್ ಶುರುವಾಯಿತು. ಪರದೆ ನೋಡಿದೆ. ಗೆರೆ ನೆಟ್ಟಗಾಗಿತ್ತು! ಯಜಮಾನರನ್ನು ಕರೆದು ತೋರಿಸಿದೆ. ಅವರ ಬಾಯಿಗೆ ಒಂದು ಚೂರು ಬೆಲ್ಲವನ್ನೂ ಹಾಕಿದೆ.

"ಸ್ಟೀರಿಂಗ್ ಎದುರಿಗೆ ಏನೋ ಹಳದಿ ದೀಪ ಹತ್ಕೊಂಡೈತಲ್ಲೇ?"

"ರೋಗಿ ಮಲಗಿರುವಾಗ ವಾರ್ಡಿನಲ್ಲಿ ಒಂದು ಸಣ್ಣ ದೀಪ ಉರಿಯುತ್ತಲೇ ಇರುತ್ತದೆ. ನಡೀರಿ."

ತೊಟ್ಟಿಲನ್ನು ಹಿಂದಿನ ಸೀಟಿನಲ್ಲಿಟ್ಟೆವು. ಖಾಲಿ ತೊಟ್ಟಿಲು ತೂಗಬಾರದು. ಮಗುವಿಗಿಂತ ಮೊದಲು ಅದರಲ್ಲಿ ಮಲಗುವ ಗುಂಡುಕಲ್ಲಿಗೆ ಮನೆಯಲ್ಲೇ ಅರಿಶಿನ ಹಚ್ಚಿ, ಕುಪ್ಪಸದ ಬಟ್ಟೆ ಸುತ್ತಿ ಮಲಗಿಸಿದ್ದೆ.

ಪರಿಗಿ ದಾಟುವ ಹೊತ್ತಿಗೆ ಕಾರು ಕೆಮ್ಮತೊಡಗಿತು. ರೊದ್ದಂ ಹತ್ತಿರ ಬಂದಾಗ ಹಿಂದಿನ ರಸ್ತೆ ಕಾಣದಷ್ಟು ಕಪ್ಪು ಹೊಗೆ. ಕುರಿ ಕಾಯುತ್ತಿದ್ದ ಒಬ್ಬ ಅಡ್ಡ ಬಂದು ನಿಲ್ಲಿಸಿದ.

"ಏಮ್ಮಾ, ಒಳಗೆ ಟಯರ್ ಸುಡ್ತಾ ಇದೀರೇನು? ನನ್ ಬಿಳೇ ಕುರಿ ಯಾವ್ದು, ಕರೇದ್ಯಾವ್ದು ಗೊತ್ತಾಗ್ತಿಲ್ಲ."

ಅವನಿಗೆ ಉತ್ತರ ಕೊಡುವ ಮೊದಲೇ ಇಂಜಿನ್ ನಿಂತಿತು. ಮತ್ತೆ ಶುರುವಾಗಲಿಲ್ಲ. ನಾನು ಸ್ಕ್ಯಾನರು ಸಿಕ್ಕಿಸಿ ಯಜಮಾನರ ಮುಖಕ್ಕೆ ಹಿಡಿದೆ.

"ನೋಡಿ, ನನ್ನ ತಪ್ಪೇನೂ ಇಲ್ಲ. ಗೆರೆ ಈಗಲೂ ಎಷ್ಟು ನೆಟ್ಟಗಿದೆ."

ಅವರು ಪರದೆ ನೋಡಿದರು. ನನ್ನನ್ನು ನೋಡಿದರು.

"ಹೌದಲ್ಲೇ, ನಿಮ್ ಆಸ್ಪತ್ರೇಲಿ ಯಾರಿಗಾದ್ರೂ ಹಿಂಗೆ ಗೆರೆ ನೆಟ್ಟಗೆ ಬಂದ್ರೆ ಏನ್ ಮಾಡ್ತಿದ್ರಿ?"

ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದೆವು.

"ಮಾರಿದೋನು ಅವತ್ತೇ ಹೇಳಿದ್ದ ಕಣೇ. ಮುಂದಿಂದು ಕುಣೀತಾ ಇರ್ಬೇಕು, ಹಿಂದಿಂದು ಸುಮ್ನಿರ್ಬೇಕು ಅಂತ."

"ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ನೀನು ನನ್ ಬಾಯಿಗೆ ಬೆಲ್ಲ ಹಾಕ್ಬುಟ್ಟಿದ್ದೆ."

ಬಾನೆಟ್ ತೆಗೆದು ಪ್ಲಾಸ್ಟರ್ ಬಿಚ್ಚಿದೆ. ವಯರು ಕೂಡಿರಲೇ ಇಲ್ಲ. ಎರಡು ತುದಿಗಳೂ ನನ್ನ ಪ್ಲಾಸ್ಟರಿನೊಳಗೆ ಅಕ್ಕಪಕ್ಕ ಮಲಗಿದ್ದವು, ಅಷ್ಟೆ. ಪೆಟ್ರೋಲು ಹೆಚ್ಚೋ ಕಡಿಮೆಯೋ ಎಂದು ಸುದ್ದಿ ಕೊಡುವ ಸೆನ್ಸರಿನ ಬಾಯಿ ನಾನು ಕಟ್ಟಿದ್ದರಿಂದ ಇಂಜಿನ್ನು ಕಣ್ಣು ಮುಚ್ಚಿಕೊಂಡು ಪೆಟ್ರೋಲು ಕುಡಿದಿತ್ತು. ಸರಿಯಾಗಿ ಜೋಡಿಸಿದರೂ, ಮಸಿ ಹಿಡಿದು ನೆನೆದಿದ್ದ ಇಂಜಿನ್ನು ಏಳಲಿಲ್ಲ.

ರಾಹುಕಾಲ ನಮಗಾಗಿ ಕಾಯುವುದಿಲ್ಲ. ಕಾರನ್ನು ಕುರಿ ಕಾಯುವವನ ಸುಪರ್ದಿಗೆ ಬಿಟ್ಟು, ಕಲ್ಯಾಣದುರ್ಗದ ಬಸ್ಸಿಗೆ ಕೈ ಅಡ್ಡ ಹಿಡಿದು, ತೊಟ್ಟಿಲನ್ನು ಸೀಟುಗಳ ನಡುವೆ ಇಳಿಸಿದೆವು. ಪಕ್ಕದ ಸೀಟಿನಲ್ಲಿ ಅಳುವ ಮಗುವನ್ನು ಎತ್ತಿಕೊಂಡಿದ್ದ ಹೆಂಗಸು ತೊಟ್ಟಿಲನ್ನೇ ಆಸೆಯಿಂದ ನೋಡುತ್ತಿದ್ದಳು.

"ಎಷ್ಟು ಸುಮ್ನೆ ಮಲಗೈತಕ್ಕ ನಿಮ್ ಪಾಪ. ಏನ್ ಕೊಡ್ತೀರ ಅದಕ್ಕೆ?"

ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅವಳು ಬಟ್ಟೆ ಸರಿಸಿ ನೋಡಿದಳು. ಆಮೇಲೆ ಕಲ್ಯಾಣದುರ್ಗದವರೆಗೂ ನನ್ನ ಕಡೆ ತಿರುಗಲಿಲ್ಲ.

ಮಸಿ ಮೆತ್ತಿದ ಮುಖದಲ್ಲಿ ಸರೋಜಳ ಮನೆ ಹೊಕ್ಕಾಗ ಪುರೋಹಿತರು ಗಡಿಯಾರ ನೋಡುತ್ತಿದ್ದರು. ರಾಹುಕಾಲಕ್ಕೆ ಕೂದಲೆಳೆ ಬಾಕಿ. ಸರೋಜ ತೊಟ್ಟಿಲನ್ನು ಕಿತ್ತುಕೊಂಡಳು. ಗುಂಡುಕಲ್ಲನ್ನು ತೂಗಿ, ಮೂಲೆಗಿಟ್ಟು, ಮಗುವನ್ನು ಮಲಗಿಸಿದರು. ಮಲಗಿಸಿದ್ದೇ ತಡ, ಅದು ಕೈಕಾಲು ಬಡಿದು, ಮೇಲೆ ಹಾರಿ ಕೆಳಗೆ ಬಿದ್ದು ಕಿರುಚತೊಡಗಿತು.

"ಅಕ್ಕಾ, ಯಾಕಿಂಗೆ ಕುಣೀತೈತೆ? ಮೈ ಸರಿಯಿಲ್ವೇನೋ, ಒಸಿ ನೋಡೇ."

ನಾನು ಮುಂದೆ ಬಾಗಿದೆ. ಹಿಂದಿನಿಂದ ನಮ್ಮ ಯಜಮಾನರ ದನಿ ಬಂತು.

"ಪ್ಲಾಸ್ಟರ್ ತರ್ಲೇನೇ?"

ನಾನು ಮಗುವನ್ನು ಮುಟ್ಟಲಿಲ್ಲ. ಹಿಂದೆ ಸರಿದು ಮೂಲೆಯಲ್ಲಿ ಕುಳಿತೆ. ಪಕ್ಕದಲ್ಲಿ ಅರಿಶಿನ ಹಚ್ಚಿಕೊಂಡು, ಕುಪ್ಪಸದ ಬಟ್ಟೆ ಹೊದ್ದು, ಅಲುಗಾಡದೆ ಮಲಗಿತ್ತು ಗುಂಡುಕಲ್ಲು. ನನ್ನ ನಿಯಮದ ಪ್ರಕಾರ ಆ ಮನೆಯಲ್ಲಿ ಪೂರ್ಣ ಆರೋಗ್ಯದಿಂದಿದ್ದದ್ದು ಅದೊಂದೇ.