ಜ್ವರಕ್ಕೆ ಕೂತ ಪರದೆ

ಹೆಬ್ಬೆಟ್ಟಿನ ಯಂತ್ರಗಳನ್ನು ನಂಬುವುದಾದರೆ ನಮ್ಮ ಚಿಕ್ಕಮ್ಮ ಈ ಭೂಮಿಯ ಮೇಲೆ ಇಲ್ಲವೇ ಇಲ್ಲ! ರೇಷನ್ ಅಂಗಡಿಯಲ್ಲಿ ಬೆರಳು ಒತ್ತುತ್ತಾಳೆ. ಗುರುತು ಸಿಗಲಿಲ್ಲ ಎನ್ನುತ್ತದೆ ಯಂತ್ರ. ಕೆಲಸದ ಕಾರ್ಖಾನೆಯ ಗೇಟಿನಲ್ಲಿ ಒತ್ತುತ್ತಾಳೆ; ಅಲ್ಲೂ ಅದೇ ರಾಗ. ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು, "ನಿನ್ ಗುರ್ತು ನಂಗೂ ಇಲ್ಲ, ಪೋವೇ!" ಎಂದು ಯಂತ್ರಕ್ಕೇ ಬೈದು ಒಳಗೆ ನಡೆಯುತ್ತಾಳೆ. ಕಾವಲುಗಾರ ಆಕಾಶ ನೋಡುತ್ತಾನೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ ಪಾಪ!

ತಲೆ ಕೆಟ್ಟವಳು ಎನ್ನುತ್ತಾರೆ ನೆಂಟರು. ಎನ್ನಲಿ! ತಲೆ ನೆಟ್ಟಗಿರುವ ನೆಂಟರು ಏನು ಕಡಿದು ಕಟ್ಟೆ ಹಾಕಿದ್ದಾರೆ ಎಂದು ನಾನೂ ಕೇಳುತ್ತೇನೆ.

ಗೌನಿಪಲ್ಲಿಯಲ್ಲಿ ಹುಟ್ಟಿ, ತಾಯಲೂರಿಗೆ ಸೊಸೆಯಾಗಿ ಬಂದು, ಅರ್ಧ ಆಯಸ್ಸು ರೇಷ್ಮೆ ಹುಳು ಸಾಕಿದವಳು ಅವಳು. ಆಮೇಲೆ ಮಾಲೂರಿನ ಒಂದು ಕಾರ್ಖಾನೆಗೆ ಕಸ ಗುಡಿಸಲು ಸೇರಿದಳು. ಅಲ್ಲಿನ ಕಕ್ಕಸು, ಕ್ಯಾಂಟೀನುಗಳ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕವನ್ನು ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟಾಗ, "ನಾನ್ ನೋಡ್ಕೊಳ್ತೀನಿ ಬಿಡಿ" ಎಂದು ಪೊರಕೆ ಮೂಲೆಗಿಟ್ಟು ಅಲ್ಲೇ ಕುಳಿತಳು.

ಅಲ್ಲಿ ತೊಟ್ಟಿಯೊಳಗೆ ಹಾಳೆಯಂಥ ಪರದೆಗಳು ಸಾಲಾಗಿ ಮುಳುಗಿವೆ. ಮೆಂಬ್ರೇನ್ ಎಂದು ಅವುಗಳ ಹೆಸರು. ಪಂಪು ಹೀರಿದಾಗ ಗಲೀಜು ಪರದೆಯ ಆಚೆಯೇ ಉಳಿದು ತಿಳಿನೀರು ಈಚೆಗೆ ಬರುತ್ತದೆ. ಆದರೆ ಬರಬರುತ್ತಾ ಲೋಳೆ, ಜಿಡ್ಡು ಅಂಟಿ ಪರದೆಯ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಇಷ್ಟನ್ನು ತಿಳಿದುಕೊಳ್ಳಲು ಕೋಲಾರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದ ನಾನು ಅವಳಿಂದ ಮೂರು ಸಲ ಬೈಸಿಕೊಂಡಿದ್ದೇನೆ!

ಜಿಡ್ಡು ಎಂದರೆ ಅವಳಿಗೆ ಹುಟ್ಟಾ ವೈರಿ. ಶ್ರೀನಿವಾಸಪುರದ ಒಂದು ಮದುವೆಯಲ್ಲಿ ಅಡುಗೆಯವನು ಬೋಂಡಾ ಕರಿದ ಎಣ್ಣೆಯನ್ನು ಚರಂಡಿಗೆ ಸುರಿಯಲು ಬಾಣಲೆ ಎತ್ತಿದ್ದೇ ತಡ, ಈಕೆ ಅಡ್ಡ ನಿಂತಳು. "ಸುರಿ ನೋಡೋಣ! ಆ ಕಡೆ ಯಾವ್ ಪರದೆ ಉಸಿರು ಕಟ್ಟುತ್ತೋ ನಿಂಗೇನ್ ಗೊತ್ತಲಾ?" ಧಾರೆಯ ಹೊತ್ತಿಗೆ ಅರ್ಧ ಮಂಟಪ ಖಾಲಿಯಾಗಿ ಜನ ಚರಂಡಿಯ ಹತ್ತಿರ ನಿಂತಿದ್ದರು. ಗಂಡಿನ ತಾಯಿ ಗಾಬರಿಯಿಂದ, "ಇವ್ರು ಹೆಣ್ಣಿನ ಕಡೆಯೋರೋ, ಗಂಡಿನ ಕಡೆಯೋರೋ?" ಎಂದು ಕೇಳಿದರು.

"ನಾನು ನೀರಿನ್ ಕಡೆಯೋಳು!" ಎಂದಳು ಚಿಕ್ಕಮ್ಮ.

ಇನ್ನು ಅವಳ ಕೆಲಸದ ರೀತಿ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ ನಮ್ಮ ಕಡೆ. ಆಗ ಹುಳು ತಲೆಯೆತ್ತಿ ಸುಮ್ಮನೆ ಕೂತಿರುತ್ತದೆ. ಸೊಪ್ಪು ಹಾಕಬಾರದು, ಅಲುಗಿಸಬಾರದು. ಚಿಕ್ಕಮ್ಮ ಈ ಪದ್ಧತಿಯನ್ನು ಯಾರನ್ನೂ ಕೇಳದೆ ಕೊಳಚೆ ತೊಟ್ಟಿಗೆ ತಂದಳು! ಒತ್ತಡದ ಮುಳ್ಳು ಸ್ವಲ್ಪ ಏರಿದರೆ ಸಾಕು, ಪಂಪು ನಿಲ್ಲಿಸಿ ಬರೀ ಗಾಳಿಯ ಗುಳ್ಳೆ ಬಿಟ್ಟು, "ಜ್ವರಕ್ಕೆ ಕೂತಿದೆ, ಸದ್ದು ಮಾಡ್ಬೇಡಿ" ಎನ್ನುತ್ತಾಳೆ. ಗುಳ್ಳೆಗಳು ಉಜ್ಜಿ ಉಜ್ಜಿ ಲೋಳೆ ಸಡಿಲವಾಗುತ್ತದೆ. ತೊಟ್ಟಿಯ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. "ಒಳಗಿರೋದು ಕಕ್ಕಸಿನ ನೀರಲ್ವಾ ಚಿಕ್ಕಮ್ಮ?" ಎಂದೆ. "ಹುಳು ಮನೆಗೆ ಚಪ್ಪಲಿ ಹಾಕ್ಕೊಂಡ್ ಹೋಗ್ತೀಯೇನೋ?" ಎಂದು ಗದರಿದಳು. ವಿಜ್ಞಾನದ ಮೇಷ್ಟ್ರಾದ ನಾನು ಚಪ್ಪಲಿ ಬಾಗಿಲಲ್ಲೇ ಬಿಟ್ಟೆ!

ಹೀಗಿರುವಾಗ ಕಾರ್ಖಾನೆಗೆ ಹೊಸ ಅಧಿಕಾರಿ ಬಂದ. ಪರದೆಗೆ ರಜೆ ಕೊಡುವುದೆಂದರೇನು ಎಂದು ನಕ್ಕು, ಬಿಡುವಿಲ್ಲದೆ ಪಂಪು ಓಡಿಸಿದ. ವಾರ ತುಂಬುವಷ್ಟರಲ್ಲಿ ಮುಳ್ಳು ಕೆಂಪಿಗೆ ಬಂದು ನೀರು ಬರುವುದೇ ನಿಂತಿತು. "ಹೊಸ ಪರದೆ ಬರೋವರೆಗೂ ಪಕ್ಕದ ವಾಲ್ವ್ ತೆಗೆದು ಕಾಲುವೆಗೆ ಬಿಟ್ಬಿಡಿ" ಎಂದ. ಆ ಕಾಲುವೆ ಹೋಗಿ ಸೇರುವುದು ಊರಿನ ಕೆರೆಗೆ.

ಮರುದಿನ ಬೆಳಿಗ್ಗೆ ನನಗೆ ಫೋನು. "ಮೇಷ್ಟ್ರೇ, ನಿಮ್ಮ ಚಿಕ್ಕಮ್ಮನನ್ನು ಬಂದು ಕರ್ಕೊಂಡು ಹೋಗಿ!" ಪುಂಡ ಮಕ್ಕಳ ಪೋಷಕರನ್ನು ದಿನಾ ಕರೆಸುವ ನಾನು ಅಂದು ಪೋಷಕನಾಗಿ ಕೈಕಟ್ಟಿ ನಿಲ್ಲಬೇಕಾಯಿತು. ನೋಡಿದರೆ, ಆ ವಾಲ್ವಿಗೆ ತಾಯಲೂರಿನ ಹುಳು ಮನೆಯ ಹಿತ್ತಾಳೆ ಬೀಗ ಬಿದ್ದಿದೆ! ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲಿ. ಅದನ್ನು ಕೇಳುವ ಗಂಡಸು ಮಾಲೂರಿನಲ್ಲಿ ಇನ್ನೂ ಹುಟ್ಟಿಲ್ಲ.

"ಬಿಟ್ಬಿಡು ಚಿಕ್ಕಮ್ಮ, ಕೆಲಸ ಹೋಗತ್ತೆ" ಎಂದೆ. ಹೇಡಿಯ ಮಾತು, ಒಪ್ಪುತ್ತೇನೆ.

"ಹೋದ್ರೆ ಹೋಗ್ಲಿ! ಆ ಕೆರೆ ಕೆಳಗೆ ಹಿಪ್ನೇರಳೆ ತೋಟ ಐತೆ. ಗಲೀಜ್ ನೀರ್ ಕುಡಿದ ಸೊಪ್ಪು ತಿಂದು ನಮ್ಮನೇಲಿ ಒಂದ್ ಬೆಳೆ ಹುಳು ಪೂರ್ತಿ ಸತ್ತೋಯ್ತಲ್ಲ, ಮರೆತೋಯ್ತಾ?"

ಮರೆತಿರಲಿಲ್ಲ. ತಟ್ಟೆಗಟ್ಟಲೆ ಹುಳುಗಳನ್ನು ಗುಂಡಿಗೆ ಸುರಿದ ದಿನ ಅವಳು ಊಟ ಮಾಡಿರಲಿಲ್ಲ.

ಅಧಿಕಾರಿಗೆ ಅವಳು ಹೇಳಿದ್ದು ಇಷ್ಟೇ: "ನಾಳೆ ಸಾಯಂಕಾಲದವರೆಗೂ ಟೈಮ್ ಕೊಡಿ. ಅಲ್ಲೀವರೆಗೂ ನೀರ್ ಕಮ್ಮಿ ಬಳಸಿ." ಅವನು ಒಪ್ಪುವ ಮೊದಲೇ ಕ್ಯಾಂಟೀನಿಗೆ ತಟ್ಟೆಯ ಬದಲು ಮುತ್ತುಗದ ಎಲೆ ಬಂದಿತ್ತು, ಅರ್ಧದಷ್ಟು ಬಚ್ಚಲುಗಳಿಗೆ ಬೀಗ ಬಿದ್ದಿತ್ತು. ಮೊದಲು ಬಿದ್ದದ್ದು ಯಾರ ಬಚ್ಚಲಿಗೆ? ಅಧಿಕಾರಿಯದಕ್ಕೇ! ಟೈ ಕಟ್ಟಿದ ಮನುಷ್ಯ ಚೊಂಬು ಹಿಡಿದು ಸಾಲಿನಲ್ಲಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

ಚಿಕ್ಕಮ್ಮ ಒಂದೊಂದೇ ಪರದೆ ಎತ್ತಿಸಿ, ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಆಮೇಲೆ ನಿಂಬೆ ಉಪ್ಪಿನ ನೀರಿನಲ್ಲಿ ಜಾಲಿಸಿದಳು. ಕೂಸಿಗೆ ಎಣ್ಣೆ ನೀರು ಹಾಕುವಷ್ಟು ನಿಧಾನ. ಎರಡನೇ ದಿನ ಸಂಜೆ ಪಂಪು ಹಾಕಿದರು. ಮುಳ್ಳು ಇಳಿಯಿತು, ತಿಳಿನೀರು ಬಂತು. ಕೆರೆಗೆ ಒಂದು ಹನಿ ಕೊಳಚೆಯೂ ಹೋಗಲಿಲ್ಲ.

ಅಷ್ಟಾದರೂ ಅಧಿಕಾರಿಯ ಮೀಸೆ ಇಳಿಯಲಿಲ್ಲ. ಬೀಗ ಹಾಕಿದ್ದಕ್ಕೆ ನೋಟಿಸು ಕೊಡುತ್ತೇನೆಂದು ಹಾಜರಿ ತೆಗೆಸಿದ. ಎರಡೂ ದಿನ ಯಂತ್ರ ಅವಳನ್ನು ಗೈರುಹಾಜರು ಎಂದು ಬರೆದಿತ್ತು!

"ಕೆಲ್ಸಕ್ಕೇ ಬರ್ದಿದ್ದೋಳು ಬೀಗ ಹೆಂಗ್ ಹಾಕ್ತಾಳೆ ಸಾರ್?" ಎಂದಳು ಚಿಕ್ಕಮ್ಮ. ಅಧಿಕಾರಿ ನೋಟಿಸು ಹರಿದು ಬುಟ್ಟಿಗೆ ಹಾಕಿದ.

ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೊರಟ ಕೋಲಾರದ ಬಸ್ಸಿನಲ್ಲಿ ನಾನು ಇನ್ನೂ ನಗುತ್ತಲೇ ಇದ್ದೆ. ಚಿಕ್ಕಮ್ಮ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು. ಮಡಿಲಲ್ಲಿ ಅವಳ ಬಲಗೈ ಅಂಗಾತ ಬಿದ್ದಿತ್ತು. ಆ ಹೆಬ್ಬೆರಳಿನಲ್ಲಿ ಒಂದು ಗೆರೆಯೂ ಇರಲಿಲ್ಲ. ನಾನು ಮುಟ್ಟಿದ್ದಕ್ಕೆ ಎಚ್ಚರಗೊಂಡಳು.

"ಗ್ಲೌಸ್ ಕೊಟ್ಟಿಲ್ವಾ ಚಿಕ್ಕಮ್ಮ ನಿಂಗೆ?"

"ಕೊಟ್ಟವ್ರೆ ಕಣೋ. ಅದ್ ಹಾಕ್ಕೊಂಡ್ರೆ ಲೋಳೆ ಪೂರ್ತಿ ಹೋಗೈತೋ ಇಲ್ವೋ ಬೆರಳಿಗೆ ಗೊತ್ತಾಗಲ್ಲ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗಲೆಲ್ಲ ಹಣೆಗೆ ವಿಭೂತಿ ಎಳೆಯುತ್ತಿದ್ದದ್ದು ಇದೇ ಹೆಬ್ಬೆರಳು. ಯಾವ ಯಂತ್ರಕ್ಕೆ ಗುರುತು ಸಿಗದಿದ್ದರೆ ನನಗೇನು? ಕಣ್ಣು ಮುಚ್ಚಿ ಮುಟ್ಟಿದರೂ ನನಗೆ ಗೊತ್ತಾಗುತ್ತದೆ. ಕೋಲಾರ ಬರುವವರೆಗೂ ನಾನು ಆ ಬೆರಳನ್ನು ಬಿಡಲಿಲ್ಲ.